ನೀಲಿ ಹರವಿಗೊಂದು ಸುಳ್ಳು

“ಬುಳುಕ್” ಎಂದಿತು ಹರವಿ. ಒಂದು ಉಸಿರು ತಡೆದು ಮತ್ತೆ, “ಬುಳುಕ್.”

ಕುತ್ತಿಗೆಯವರೆಗೆ ನೆಲದಲ್ಲಿ ಹೂತಿದ್ದ ಆ ದೊಡ್ಡ ಮಣ್ಣಿನ ಪಾತ್ರೆಯ ಬಾಯಿಗೆ ಕಿವಿಯಿಟ್ಟು ಕೂತಿದ್ದ ಆದೆಮ್ಮನ ಮುಖ ಅರಳಿತು. ಹಾಲು ಕುಡಿದ ಕೂಸು ತೇಗಿದಾಗ ತಾಯಿಯ ಮುಖ ಅರಳುತ್ತದಲ್ಲ, ಹಾಗೆ.

“ಎದ್ದಾಳೇನ?” ಒಳಗಿನಿಂದ ಬಡೇಬೀ ಕೂಗಿದಳು.

“ಎದ್ದಾಳ ಯವ್ವಾ. ಹಸದಾಳ.”

“ಹಂಗಾದ್ರ ಮೊದ್ಲು ಆಕಿಗೆ ಉಣಿಸು. ನನಗ ಆಮ್ಯಾಲ. ನಾ ಎಲ್ಲಿಗೂ ಓಡಿ ಹೋಗಂಗಿಲ್ಲ, ಮಂಡಿ ಹಿಡದಾವ.”

ಸಾವಿರದ ಒಂಬೈನೂರ ನಲವತ್ಮೂರರ ಜನವರಿ ಅದು. ದೇವದುರ್ಗದ ಹಳೆಯ ಕೋಟೆಗೋಡೆಯ ಹಿಂದಿನ ಓಣಿಯಲ್ಲಿ, ತಗಡಿನ ಮಾಡಿನ ಕೆಳಗೆ ಹದಿನಾಲ್ಕು ಹರವಿಗಳು ಎರಡು ಸಾಲಾಗಿ ಹೂತಿದ್ದವು. ಹದಿಮೂರರಲ್ಲಿ ಜೋಳ, ಹುರುಳಿ, ಹಳೆಯ ಚಿಂದಿ. ಒಂದರಲ್ಲಿ ಮಾತ್ರ ನೀಲಿ. ಆ ಒಂದನ್ನು ಇಷ್ಟು ವರ್ಷ ಸಾಯದಂತೆ ಕಾದವಳು ಆದೆಮ್ಮ. ಮೊಣಕೈವರೆಗೆ ನೀಲಿ ಹತ್ತಿದ ಅವಳ ಎರಡು ಕೈಗಳನ್ನು ಊರಲ್ಲಿ ಗುರುತಿಸದವರಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತರೆ “ಕೈ ಯಾವುದವ್ವಾ, ಕಾಯಿ ಯಾವುದು?” ಎಂದು ಕೇಳಿ ನಗುವವರಿದ್ದರು. “ಹಿಚುಕಿ ನೋಡು, ಬೈದದ್ದು ಕೈ” ಎನ್ನುತ್ತಿದ್ದಳು ಅವಳು.

ಆದೆಮ್ಮ ಹುಟ್ಟಿದ್ದು ಬಣ್ಣದವರ ಮನೆಯಲ್ಲಲ್ಲ, ಕುರಿಯವರ ಮನೆಯಲ್ಲಿ. ಅಪ್ಪ ಬೂದೆಪ್ಪನಿಗೆ ನೂರಿಪ್ಪತ್ತು ಕುರಿ. ಮಳೆ ಹಿಂದಾಗಿ ಬೀಳುಹೊಲಗಳಲ್ಲಿ ತಗಚಿ ಗಿಡ ಒಣಗಿ ಕಾಯಿ ಸಿಡಿಯುವ ಹೊತ್ತಿಗೆ ಹುಡುಗಿ ಹಿಂಡಿನ ಹಿಂದೆ ಓಡಾಡುತ್ತಲೇ ಉಡಿ ತುಂಬ ಬೀಜ ಆರಿಸಿ ತಂದು ಬಡೇಬೀಯ ಮನೆಗೆ ಹಾಕುತ್ತಿದ್ದಳು. ಬಡೇಬೀ ರಂಗಿನವರ ಮನೆಯ ಸೊಸೆ. ಗಂಡ, ಮಾವ, ಮಾವನ ಅಪ್ಪ ಎಲ್ಲ ನೀಲಿ ಅದ್ದಿದವರೇ. ತಗಚಿ ಬೀಜ ಬೇಯಿಸಿ, ಸುಣ್ಣದ ತಿಳಿಯ ಜೊತೆ ಉಣಿಸಿದರೇ ನೀಲಿ ಹುಳಿತು ಜೀವ ಹಿಡಿಯುವುದು. ಇಲ್ಲವಾದರೆ ಕಡಪದಿಂದ ಬರುವ ನೀಲಿ ಬಿಲ್ಲೆ ಬರೀ ಕಲ್ಲು. ನೀರಿಗೆ ಹಾಕಿದರೆ ಕರಗುವುದಿಲ್ಲ, ಎಳೆಗೆ ಹತ್ತುವುದಿಲ್ಲ.

ಹನ್ನೆರಡು ವರ್ಷದವಳಿದ್ದಾಗ ಒಂದು ದಿನ ಬೀಜ ಸುರುವಿ, ಹೊಸ್ತಿಲಲ್ಲೇ ನಿಂತು ಮೂಗು ಏರಿಸಿ ಹೇಳಿದಳಂತೆ: “ನಿಮ್ಮ ಬಲಗಡಿ ಮೂರನೇ ಹರವಿ ನಾಳಿ ಕೆಡ್ತದ.” ಬಡೇಬೀಯ ಗಂಡ ಹೊಟ್ಟೆ ಹಿಡಿದು ನಕ್ಕ. ಮರುದಿನ ಮೂರನೇ ಹರವಿ ಕೆಟ್ಟಿತು. ಆತ ಹರವಿಯ ಮುಂದೆ ತಲೆ ಮೇಲೆ ಕೈಹೊತ್ತು ಕೂತರೆ ಬಡೇಬೀ ಸೆರಗು ಸಿಕ್ಕಿಸಿಕೊಂಡು ಕುರಿಹಟ್ಟಿಗೆ ಹೊರಟೇಬಿಟ್ಟಳು. “ಬೂದೆಪ್ಪಾ, ನಿನ್ನ ಮಗಳ ಮೂಗು ನನಗ ಕೊಡು” ಎಂದಳು. “ಮೂಗು ಒಯ್ದ್ರ ಮಗಳೂ ಹಿಂದ ಬರ್ತಾಳ, ರೊಟ್ಟಿ ಜಾಸ್ತಿ ತಿಂತಾಳ, ಹುಷಾರು” ಎಂದ ಬೂದೆಪ್ಪ. ನಡುವೆ ಮದುವೆಯಾಯಿತು, ಇಪ್ಪತ್ತೆರಡಕ್ಕೆ ಗಂಡ ಪ್ಲೇಗಿನಲ್ಲಿ ಹೋದ. ತವರಿಗೆ ಮರಳಿದ ಆದೆಮ್ಮ ಮೂರನೇ ದಿನ ಕುರಿಯ ಕಡೆ ಹೋಗದೆ ಹರವಿಯ ಕಡೆ ಹೋದಳು. ಯಾರೂ ಕರೆದಿರಲಿಲ್ಲ. ಯಾರೂ ತಡೆಯಲೂ ಇಲ್ಲ.

ಆಮೇಲೆ ಬಂತು ಜರ್ಮನ್ ಡಬ್ಬಿ. ಬಿಸಿನೀರಿಗೆ ಒಂದು ಚಮಚೆ ಪುಡಿ, ನೂಲು ಅದ್ದು, ತೆಗೆ, ಮುಗಿಯಿತು. ಹುಳಿಯುವುದು, ಕಾಯುವುದು, ಮೂಗು, ಕಿವಿ ಯಾವುದೂ ಬೇಡ. ಬಣ್ಣದವರು ಒಬ್ಬೊಬ್ಬರೇ ಹರವಿ ಬಿಟ್ಟರು. ಬಡೇಬೀಯ ಗಂಡ ತೀರಿಕೊಂಡ. ಹದಿನಾಲ್ಕರಲ್ಲಿ ಒಂದು ಉಳಿಯಿತು. ಗಿರಾಕಿ ಬಾರದ ತಿಂಗಳುಗಳಲ್ಲಿ ಆದೆಮ್ಮ ತನ್ನದೇ ಸೀರೆಯನ್ನು ಮತ್ತೆ ಮತ್ತೆ ಅದ್ದಿದಳು. ಅದ್ದದಿದ್ದರೆ ನೀಲಿ ಮುನಿಸಿಕೊಂಡು ಮಲಗಿಬಿಡುತ್ತದೆ. ಆ ಸೀರೆ ಕೊನೆಗೆ ಎಷ್ಟು ಕಡುವಾಯಿತೆಂದರೆ ಅವಳು ಬಾವಿಕಟ್ಟೆಗೆ ಹೋದರೆ ಮೋಡ ಬಂತೆಂದು ಹೆಂಗಸರು ತಲೆ ಎತ್ತಿ ನೋಡುತ್ತಿದ್ದರು.

ಈಗ ಯುದ್ಧ. ಡಬ್ಬಿ ನಿಂತುಹೋಗಿತ್ತು. ರಾಯಚೂರಿನ ನೇಕಾರರು ಬಿಳಿ ನೂಲು ಮುಂದಿಟ್ಟುಕೊಂಡು ಕೂತಿದ್ದರು. ಅಂಚಿಲ್ಲದ ಸೀರೆ ಯಾರು ಉಡುತ್ತಾರೆ?

ಹಾಗೆ ಆ ಜನವರಿಯಲ್ಲಿ ಇದ್ದಿಲಿನ ಗ್ಯಾಸಿನ ಮೋಟಾರಿನಲ್ಲಿ ಕೆಮ್ಮುತ್ತ ಬಂದಿಳಿದವರು ಪ್ರಹ್ಲಾದಾಚಾರ್ಯರು. ರಾಯಚೂರಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರರು. ಹಣೆಯಲ್ಲಿ ಅಂಗಾರ ಅಕ್ಷತೆ, ಮೈಮೇಲೆ ಕೋಟು, ಕೋಟಿನ ಕಿಸೆಯಲ್ಲಿ ಬಿಸಿ ಅಳೆಯುವ ಗಾಜಿನ ಕಡ್ಡಿ.

“ನೀಲಿ ಇಲ್ಲೇ ಏನು?” ಬಾಗಿಲಲ್ಲಿ ನಿಂತು ಕೇಳಿದರು.

“ನೀಲಿ ಇಲ್ಲೇ ಅದ. ನಿಮ್ಮ ಪಂಚಿ ಬಿಳೇದ್ ಅದ. ದೂರ ನಿಂದರ್ರಿ” ಎಂದಳು ಬಡೇಬೀ.

ಅವರು ದೂರ ನಿಲ್ಲಲಿಲ್ಲ. ನೇರ ಬಂದು ಹರವಿಯ ಪಕ್ಕ ಮಂಡಿಯೂರಿ ಗಾಜಿನ ಕಡ್ಡಿಯನ್ನು ಒಳಗಿಳಿಸಿದರು. ಆದೆಮ್ಮ ಗಾಬರಿಯಾದಳು. “ಯಾಕ್ರಿ, ಆಕಿಗೇನು ಜ್ವರ ಬಂದಾವೇನ್ರಿ?”

“ತೊಂಬತ್ತೊಂದು” ಎಂದರು ಆಚಾರ್ಯರು ಕಡ್ಡಿಯನ್ನು ಬೆಳಕಿಗೆ ಹಿಡಿದು. “ಚಳಿಗಾಲದಾಗ ಬಣ್ಣ ಸರಿಯಾಗಿ ಬರೋದಿಲ್ಲ ಅಂತಾರಲ್ಲ, ಖರೇ ಏನು?”

“ಚಳಿಗೆ ಆಕಿ ಮುದುಡ್ತಾಳ. ಬೆಚ್ಚಗಿರಬೇಕ್ರಿ.”

“ಎಷ್ಟು ಬೆಚ್ಚಗ?”

ಆದೆಮ್ಮ ಯೋಚಿಸಿದಳು. “ಎಳಿ ಬಿಸಿಲಾಗ ಮಲಗಿದ ಕುರಿಮರಿ ಹೊಟ್ಟಿ ಇರ್ತದಲ್ಲರಿ, ಅಷ್ಟು.”

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಆಚಾರ್ಯರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ಬೂದೆಪ್ಪನ ಹಟ್ಟಿಗೆ ಹೋಗಿ, ಒದ್ದಾಡುವ ಮರಿಯೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊಟ್ಟೆಗೆ ಕಡ್ಡಿ ಒತ್ತಿ ಹಿಡಿದರು. ಕೋಟಿನ ಮೇಲೆ ಹಿಕ್ಕೆಯ ಗುರುತು ಹೊತ್ತು ಓಣಿಗೆ ಓಡಿ ಬಂದರು. “ತೊಂಬತ್ತೆಂಟು! ಆದೆಮ್ಮಾ, ತೊಂಬತ್ತೆಂಟು!”

ಅವರ ಹೊಟ್ಟೆಯಲ್ಲಿದ್ದದ್ದು ಆಗ ಹೊರಬಂತು. ರಾಯಚೂರಿನಲ್ಲಿ ತಮ್ಮ ಮನೆಯ ಹಿತ್ತಿಲಲ್ಲಿ ಇಟ್ಟಂಗಿಯ ಪೆಟ್ಟಿಗೆ ಕಟ್ಟಿದ್ದರು. ಅದರೊಳಗೆ ತಗಡಿನ ಪೀಪಾಯಿ, ಸುತ್ತ ಒಂದು ಗೇಣು ಹತ್ತಿಕಾಳಿನ ಹೊಟ್ಟು. ಮುಚ್ಚಳಕ್ಕೆ ಬೆರಳುಗಾತ್ರದ ತೂತು. ಆ ತೂತಿನಿಂದ ಕಡ್ಡಿ ಇಳಿಸಿದರೆ, ಮುಚ್ಚಳ ತೆಗೆಯದೇ ಒಳಗಿನ ಬಿಸಿ ತಿಳಿಯುತ್ತಿತ್ತು. ಚಳಿ ಇರಲಿ, ಮಳೆ ಇರಲಿ, ವರ್ಷವಿಡೀ ಒಂದೇ ಬಣ್ಣ. ಸಂಕ್ರಾಂತಿ ಕಳೆದ ವಾರಕ್ಕೆ ಹೈದರಾಬಾದಿನಿಂದ ಕೈಮಗ್ಗದ ಸಾಹೇಬರು ಬರುವವರಿದ್ದರು. ಅವರ ಕಣ್ಣೆದುರು ನೂಲು ನೀಲಿಯಾದರೆ ರಾಯಚೂರಿನಲ್ಲಿ ಬಣ್ಣದ ಶೆಡ್ಡು, ಆದೆಮ್ಮ ಅದರ ಉಸ್ತಾದಿಣಿ, ಅವಳ ಕೈಕೆಳಗೆ ಕಲಿಯಲು ಹತ್ತು ಜನ. ಆಗದಿದ್ದರೆ ಅಲ್ಲಿಗೆ ಮುಗಿಯಿತು.

“ಅರ್ಧ ಒಯ್ದ್ರ ಸಾಲಂಗಿಲ್ಲೇನ್ರಿ?” ಎಂದಳು ಆದೆಮ್ಮ.

“ಪೀಪಾಯಿ ದೊಡ್ಡದದ. ಪೂರಾ ಬೇಕು.”

ಆದೆಮ್ಮ ಬಡೇಬೀಯ ಮುಖ ನೋಡಿದಳು. ಇದೊಂದು ಹೋದರೆ ಮತ್ತೆ ಜೀವ ಹಿಡಿಸಲು ತಾಯಿನೀರು ಇನ್ನೆಲ್ಲೂ ಇಲ್ಲ. ಸುತ್ತಮುತ್ತ ಎಲ್ಲ ಹರವಿಗಳೂ ಒಣಗಿಹೋಗಿವೆ. ಬಡೇಬೀ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಹೇಳಿದಳು: “ಒಯ್ಯಿ ಬೇಟೀ. ನಾ ಹೋದ ಮ್ಯಾಲೆ ಈ ಓಣ್ಯಾಗ ನೀ ಒಬ್ಬಾಕಿ ಏನು ಮಾಡ್ತಿ? ಜೋಳಾ ತುಂಬ್ತಿ.”

ನಾಲ್ಕು ಕೊಡ, ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಜೇಡಿಮಣ್ಣು ಮೆತ್ತಿದ್ದು; ಜೊತೆಗೆ ಒಂದು ಗಂಟು ತಗಚಿ ಬೀಜ. ಮೋಟಾರಿನಲ್ಲಿ ಜನ ಮೂಗು ಮುಚ್ಚಿಕೊಂಡರು. “ಏನ್ ಬೇ ಅದು, ಸತ್ತ ಎಮ್ಮಿನಾ?” ಎಂದ ಒಬ್ಬ. “ನಿಮ್ಮವ್ವನ ಸೀರಿ ಅಂಚು” ಎಂದಳು ಆದೆಮ್ಮ, ಎರಡು ಕೊಡ ತೊಡೆಯಲ್ಲಿ, ಎರಡು ಕಾಲ ನಡುವೆ ಹಿಡಿದುಕೊಂಡು. ರಾಯಚೂರು ಕೋಟೆಯ ಬುರುಜು ಕಂಡಾಗ ಅವಳ ಎದೆ ಮದುವಣಗಿತ್ತಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು.

ಆಚಾರ್ಯರ ಹಿತ್ತಿಲಲ್ಲಿ ಕೊಡ ಇಳಿಸಿ, ಅವರೂ ಅವಳೂ ಸುಣ್ಣ, ಬೆಲ್ಲ ತರಲು ಬಜಾರಿಗೆ ಹೋದರು. ಮರಳಿ ಬಂದಾಗ ಆಚಾರ್ಯರ ತಾಯಿ ಅಹಲ್ಯಾಬಾಯಿ ಬಾಗಿಲಲ್ಲೇ ನಿಂತಿದ್ದರು. ಮುಖದಲ್ಲಿ ದೊಡ್ಡ ಕೆಲಸ ಮುಗಿಸಿದ ಹೊಳಪು.

“ಪಲ್ಲಾದಾ, ಏನು ಕಸನೋ ಅದರಾಗ! ನಾಲ್ಕು ಕೊಡಾನೂ ಸೋಸಿದೆ. ಪಂಚಿ ನಾಲ್ಕು ಮಡಿಕಿ ಮಾಡಿ, ಎರಡೆರಡು ಸಲ. ಈ ಮನಿಯೊಳಗ ಸೋಸದ ನೀರು ಹಂಡೇಕ್ಕ ಬಿದ್ದದ್ದಿಲ್ಲ. ನೋಡು, ಈಗ ಹೆಂಗ ಹೊಳೀತದ!”

ತಿಕ್ಕಿ ತೊಳೆದ ತಾಮ್ರದ ಹಂಡೆಯಲ್ಲಿ ನೀರು ನಿಜಕ್ಕೂ ಹೊಳೆಯುತ್ತಿತ್ತು. ತಿಳಿಯಾದ, ಚೆಂದದ, ಸತ್ತ ನೀಲಿ.

ಆದೆಮ್ಮ ಬೆರಳದ್ದಿ ಮೂಸಿದಳು. ನಾಲಿಗೆಗೆ ಮುಟ್ಟಿಸಿದಳು. ಹುಳಿಯಿಲ್ಲ, ಬಿಸಿಯಿಲ್ಲ, ಉಸಿರಿಲ್ಲ. ನೀಲಿಯ ಜೀವ ಇರುವುದೇ ತಳದ ಗಸಿಯಲ್ಲಿ. ಬಡೇಬೀಯ ಗಂಡನ ಅಜ್ಜನ ಕಾಲದಿಂದ ಒಂದು ದಿನವೂ ಉಪವಾಸ ಬೀಳದ ಜೀವ, ಒಂದು ಮಧ್ಯಾಹ್ನದಲ್ಲಿ, ಮಡಿಪಂಚೆಯ ನಾಲ್ಕು ಮಡಿಕೆಯಲ್ಲಿ ಹೋಗಿಬಿಟ್ಟಿತ್ತು. ಆದರೆ ಕುರಿ ಕೆಳಗೆ ಬಿದ್ದರೆ ಅಳುತ್ತ ನಿಲ್ಲುವವರಲ್ಲ ಅವಳ ಮನೆಯವರು. ಮೊದಲು ಕಾಲು ಮುಟ್ಟಿ ನೋಡುತ್ತಾರೆ.

“ಅವ್ವಾರ, ಗಸಿ ಎಲ್ಲಿ ಚೆಲ್ಲಿದ್ರಿ?”

“ಹೊಲಸು? ಬಾಳಿಗಿಡದ ಬುಡಕ್ಕ.”

ಆದೆಮ್ಮ ಓಡಿದಳು. ಬಾಳೆಯ ಬುಡದಲ್ಲಿ ಆ ಕಪ್ಪು ಕೆಸರು ಇನ್ನೂ ಹಸಿಯಾಗಿತ್ತು, ಪೂರ್ತಿ ಇಂಗಿರಲಿಲ್ಲ. ಎರಡೂ ಕೈಯಿಂದ ಮಣ್ಣುಸಮೇತ ಬಾಚಿ ಬಾಚಿ ಸೆರಗಿಗೆ ತುಂಬಿದಳು. ಮೂಗಿನ ಹತ್ತಿರ ಹಿಡಿದಳು. ಇತ್ತು! ಕೂದಲೆಳೆಯಷ್ಟು, ಆದರೆ ಇತ್ತು!

“ಪೀಪಾಯಿ ತೆರೀರಿ ಮಾಸ್ತರ! ತಗಚಿ ಒಲೀ ಮ್ಯಾಲೆ ಏರಸ್ರಿ! ಬೆಲ್ಲಾ ಎಲ್ಲಿ?”

“ಆ ಹೊಲಸು ತಿರುಗಿ ಒಳಗ ಹಾಕ್ತಾಳೇನೋ ಇಕಿ?” ಅಹಲ್ಯಾಬಾಯಿ ಬೆಚ್ಚಿದರು. ಮಗ ವಿಷಯ ತಿಳಿಸಿ ಹೇಳಿದ ಮೇಲೆ ಅವರ ಮುಖ ಬಾಡಿತು. ತಾವೇ ಒಲೆಯ ಮುಂದೆ ಕೂತು ಊದುಗೊಳವೆ ಹಿಡಿದರು. “ಎಷ್ಟು ಬೇಯಬೇಕು ಹೇಳವಾ. ತಪ್ಪು ನಂದು, ಉರಿನೂ ನಂದ ಇರಲಿ.”

ಬೆಂದ ಬೀಜ, ಬೆಲ್ಲ, ಸುಣ್ಣದ ತಿಳಿ, ಬಾಳೆಬುಡದ ಗಸಿ, ಸತ್ತ ನೀಲಿ ಎಲ್ಲ ಪೀಪಾಯಿಗೆ ಬಿತ್ತು. ಮುಚ್ಚಳ ಹಾಕಿ, ಅಂಚಿಗೆ ಹಸಿಮಣ್ಣು ಮೆತ್ತಿ, ಆದೆಮ್ಮ ಕೈ ತೊಳೆದುಕೊಂಡಳು. ಸಾಹೇಬರು ಬರುವುದಕ್ಕೆ ಐದೇ ದಿನ.

“ಇನ್ನ ಒಂದ ಉಳದದ್ರಿ” ಎಂದಳು. “ಸುಳ್ಳು.”

“ಏನು?”

“ಹರವಿ ಕೆಟ್ರ ಊರಾಗ ಒಂದು ಸುಳ್ಳು ಬಿಡಬೇಕ್ರಿ. ಬಣ್ಣದವ್ರ ಪದ್ಧತಿ ಅದು. ಯಾರಿಗೂ ಕೇಡಾಗದ ಸುಳ್ಳು, ಆದ್ರ ಮಂದಿ ನಂಬಂಥಾದ್ದು. ಅದು ಊರು ದಾಟಿ ಹೋಗಿ, ನಾವು ಕೇಳದನ, ನಮ್ಮ ಗುರ್ತು ಇಲ್ಲದವ್ರ ಬಾಯಿಂದ ತಿರುಗಿ ನಮ್ಮ ಕಿವೀಗೆ ಬಿದ್ದಾಗ ಮುಚ್ಚಳಾ ತೆಗೀಬೇಕು. ಅಲ್ಲಿಮಟಾ ಮುಟ್ಟಂಗಿಲ್ಲ. ಬಡೇಬೀ ಗಂಡ ಒಂದು ಸಲ ರಾಯಚೂರು ಕೋಟಿ ಮ್ಯಾಲಿನ ತೋಪು ತಾನ ಮಗ್ಗಲಾ ಬದಲಿಸ್ತಂತ ಹೇಳಿದ್ನಂತ. ಆ ಸಲ ಬಂದಂಥಾ ನೀಲಿ ಮುಂದ ಎಂಟು ವರ್ಷ ಬಂದಿಲ್ಲ.”

“ಸುಳ್ಳಿಗೂ ಸುಣ್ಣಕ್ಕೂ ಏನು ಸಂಬಂಧನ, ಹುಚ್ಚೀ?” ಆಚಾರ್ಯರು ನಕ್ಕರು. “ಮೇಲಾಗಿ ನಾನು ಸುಳ್ಳು ಹೇಳೋ ಪೈಕಿ ಅಲ್ಲ.”

“ನಿಮಗ್ಯಾರು ಹೇಳಂದ್ರು? ನಿಮ್ಮ ಮುಖ ನೋಡಿದ್ರ ಯಾರೂ ನಂಬಂಗಿಲ್ಲ.”

ಮೋಟಾರು ಸ್ಟ್ಯಾಂಡಿನಲ್ಲಿ ಮಾನ್ವಿಯ ಮೋಟಾರು ಹೊರಡುವುದರಲ್ಲಿತ್ತು. ಡ್ರೈವರ್ ವಲಿ ಪಾಷಾ ಬಾಯ್ಲರಿಗೆ ಇದ್ದಿಲು ತುಂಬುತ್ತಿದ್ದ. ಆದೆಮ್ಮ ಪಕ್ಕದಲ್ಲಿ ನಿಂತು, ತನ್ನಷ್ಟಕ್ಕೆ ತಾನು ಅನ್ನುವ ಹಾಗೆ ನಿಟ್ಟುಸಿರು ಬಿಟ್ಟಳು.

“ಕಾಲ ಕೆಟ್ಟದ ನೋಡಪಾ. ಮಾನ್ವಿ ಕಡೆ ಒಂದು ಕುರಿ ನೀಲಿ ಮರಿ ಹಾಕ್ಯದಂತ.”

ಸಲಿಕೆ ನಿಂತಿತು. “ನೀಲೀ ಅಂದ್ರ? ಆಕಾಶದ ನೀಲಿನೋ, ಬದನೀಕಾಯಿ ನೀಲಿನೋ?”

ಇಂಥ ಪ್ರಶ್ನೆ ಕೇಳುವವನ ಕೈಯಲ್ಲಿ ಸುಳ್ಳು ಸೊರಗುವುದಿಲ್ಲ ಎಂದು ಆದೆಮ್ಮನಿಗೆ ಖಾತ್ರಿಯಾಯಿತು. “ನಾ ನೋಡಿಲ್ಲಪಾ. ಕಿವಿ ಅಷ್ಟ ಬೆಳ್ಳಗದಾವಂತ” ಎಂದು ಹೇಳಿ ತಿರುಗಿ ನೋಡದೆ ಬಂದಳು. ಆ ಬಿಳಿ ಕಿವಿ ಅವಳಿಗೆ ಕೊನೆಗಳಿಗೆಯಲ್ಲಿ ಹೊಳೆದದ್ದು. ದಾರಿಯುದ್ದಕ್ಕೂ ಅದನ್ನು ನೆನೆದು ಒಬ್ಬಳೇ ನಕ್ಕಳು.

ಮೊದಲ ಎರಡು ದಿನ ಆಚಾರ್ಯರು ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ, ಊಟಕ್ಕೆ ಮೊದಲು, ನಡುವೆ ಎದ್ದುಬಂದು ತೂತಿನಲ್ಲಿ ಕಡ್ಡಿ ಇಳಿಸಿದರು. ತೊಂಬತ್ತಾರು. ತೊಂಬತ್ತೇಳು. ಇಳಿದರೆ ಇಟ್ಟಂಗಿ ಪೆಟ್ಟಿಗೆಯ ಕೆಳಗೆ ಒಂದು ಕುಳ್ಳಿನ ಕೆಂಡ. ಆದೆಮ್ಮ ಅವರಿಗಿಂತ ಮೊದಲೇ ಪೆಟ್ಟಿಗೆಗೆ ಅಂಗೈಯಿಟ್ಟು “ಸ್ವಲ್ಪ ಏರ್ಯದ” ಎನ್ನುತ್ತಿದ್ದಳು; ಕಡ್ಡಿ ಏರಿರುತ್ತಿತ್ತು. ಒಬ್ಬರನ್ನೊಬ್ಬರು ಮೀರಿಸುವ ಈ ಆಟದಲ್ಲಿ ಇಬ್ಬರಿಗೂ ಹಸಿವು ಮರೆತಿತ್ತು.

ಮೂರನೇ ದಿನ ಮಧ್ಯಾಹ್ನ ಅವಳ ತಮ್ಮ ಗದ್ದೆಪ್ಪ ಏದುಸಿರು ಬಿಡುತ್ತ ಬಂದ. ಆ ತಿಂಗಳು ಅವನು ಕುರಿ ಮೇಯಿಸಲು ಮಾನ್ವಿಯ ಕಡೆ ಹೋಗಿದ್ದ.

“ಯಕ್ಕಾ, ನನ್ನ ಹಟ್ಟಿ ಮುಂದ ಜಾತ್ರಿ ನೆರದದ! ನೀಲಿ ಮರಿ ತೋರ್ಸು ಅಂತಾರ. ಇಲ್ಲಂದ್ರ ‘ಅಡಗ್ಸಿ ಇಟ್ಟಾನ’ ಅಂತಾರ. ಪೋತ್ನಾಳದಿಂದ ಬಂಡಿ ಕಟ್ಕೊಂಡು ಬಂದಾರ. ಒಬ್ಬ ಮುದುಕಿ ನನ್ನ ಹೋತಕ್ಕ ಅರಿಷಿಣ ಕುಂಕುಮ ಹಚ್ಚಿ ಕೈ ಮುಗದ್ಲು!”

ಆದೆಮ್ಮ ಸೆರಗಿನಿಂದ ಬಾಯಿ ಮುಚ್ಚಿ ಬಿದ್ದು ಬಿದ್ದು ನಕ್ಕಳು. ಆಚಾರ್ಯರು ಓಡಿಬಂದರು. “ಬಂತಲ್ಲ ಸುದ್ದಿ! ತೆಗೀಲಿ ಏನು ಮುಚ್ಚಳ?”

“ನನ್ನ ತಮ್ಮ ಗುರ್ತಿಲ್ಲದವನೇನ್ರಿ? ನಾನ ಮಡಿಲಾಗ ಹೊತ್ತು ಬೆಳಸೀನಿ.”

ನಾಲ್ಕನೇ ದಿನ ಬೆಳಿಗ್ಗೆ ಅಹಲ್ಯಾಬಾಯಿ ಹಾಲಿನವಳಿಂದ ಕೇಳಿದ ಸುದ್ದಿ ಹೊತ್ತು ಹಿತ್ತಿಲಿಗೆ ಬಂದರು. “ಮಾನ್ವಿಯೊಳಗ ನೀಲಿ ಕುರಿಮರಿ ಹುಟ್ಟ್ಯದಂತ. ಎರಡಂತ, ಒಂದು ನೀಲಿ ಒಂದು ಹಸರು. ಹಸರಿಂದು ಉರ್ದು ಮಾತಾಡ್ತದಂತ!” ಅವರ ಕಣ್ಣು ದೊಡ್ಡವಾಗಿದ್ದವು. ಆಚಾರ್ಯರು ಆಸೆಯಿಂದ ಆದೆಮ್ಮನ ಕಡೆ ನೋಡಿದರು. ಅವಳು ತಲೆಯಾಡಿಸಿದಳು. ನಾಲ್ಕು ದಿನದಿಂದ ಅದೇ ಮನೆಯ ಪಡಸಾಲೆಯಲ್ಲಿ ಉಂಡವಳಿಗೆ ಅಹಲ್ಯಾಬಾಯಿ ಅಪರಿಚಿತರಾಗುವುದು ಹೇಗೆ?

ಐದನೇ ದಿನ ಸಾಹೇಬರು ಬಂದರು. ಅಮೀರ್ ಸಾಬ್: ಕಪ್ಪು ಶೇರ್ವಾನಿ, ದಪ್ಪ ಕನ್ನಡಕ, ಕಲಬುರ್ಗಿಯಲ್ಲಿ ನೌಕರಿ ಮಾಡಿದ್ದರಿಂದ ಕನ್ನಡ ಬರುತ್ತಿತ್ತು. ನೇಕಾರರ ಹಿರಿಯ ಸುಂಕಪ್ಪ ಎಂಟು ಲಡಿ ಬಿಳಿ ನೂಲು ಹೊತ್ತು ಅವರ ಹಿಂದೆ ಬಂದಿದ್ದ. ಸಾಹೇಬರು ಪೆಟ್ಟಿಗೆಯ ಸುತ್ತ ತಿರುಗಿದರು, ಹೊಟ್ಟು ಮುಟ್ಟಿದರು, ಕಡ್ಡಿ ನೋಡಿದರು. “ಬಹುತ್ ಖೂಬ್. ಈಗ ತೆಗೀರಿ.”

ಆದೆಮ್ಮ ಮುಚ್ಚಳದ ಮೇಲೆ ಎರಡೂ ಕೈ ಊರಿ ನಿಂತಳು. “ಇನ್ನ ಹೊತ್ತಾಗಿಲ್ರಿ ಸಾಹೇಬ್ರ.”

“ಎಷ್ಟು ಹೊತ್ತು ಬೇಕು?”

“ಹೇಳಾಕ ಬರಂಗಿಲ್ರಿ.”

ಆಚಾರ್ಯರು ಬೆವತರು. ಅವಳ ಕಿವಿಯಲ್ಲಿ, “ಆದೆಮ್ಮಾ, ನಿನ್ನ ಕೈ ಮುಗೀತೀನಿ” ಎಂದರು. ಅವಳು ಕದಲಲಿಲ್ಲ. ಅಂದು ಬೆಳಿಗ್ಗೆ ಮಣ್ಣು ಮೆತ್ತಿದ ಅಂಚಿಗೆ ಮೂಗಿಟ್ಟು ನೋಡಿದ್ದಳು: ವಾಸನೆ ಬಂದೂ ಬಾರದಂತೆ, ಬಸಿರಿಯ ಹೊಟ್ಟೆಯಲ್ಲಿ ಕೂಸು ಮಿಸುಕಿದಂತೆ. ಬೇಗ ತೆರೆದರೆ ಗಾಳಿ ಹೊಕ್ಕು, ಬಾಚಿ ತಂದ ಕೊನೆಯ ಜೀವವೂ ಹೋದೀತು. ಆಮೇಲೆ ಬಾಳೆಬುಡದಲ್ಲಿ ಬಾಚಲು ಏನೂ ಇರಲಿಲ್ಲ.

“ಸಾಹೇಬ್ರು ಬರುವಾಗ ದಾರಿಯೊಳಗ... ಜನಾ ಏನರ ಸುದ್ದಿ...” ಎಂದು ಆಚಾರ್ಯರು ರಾಗ ಎಳೆದರು.

“ಕೇಳಬ್ಯಾಡ್ರಿ!” ಆದೆಮ್ಮ ಗದರಿದಳು. “ಕೇಳಿದ್ರ ಲೆಕ್ಕಕ್ಕಿಲ್ಲ.”

ಸುಂಕಪ್ಪ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಅಮೀರ್ ಸಾಬ್ ಕಿಸೆಯ ಗಡಿಯಾರ ತೆಗೆದರು, ಮುಚ್ಚಿದರು. ಮತ್ತೆ ತೆಗೆದರು. ಒಲೆಯ ಮೇಲೆ ಇಟ್ಟ ಚಹಾ ಬಂತು, ಕುಡಿದರು. ಅದೂ ಮುಗಿಯಿತು.

“ಮಾಸ್ಟರ್ ಸಾಬ್, ನನಗ ಟೈಮಿಲ್ಲ. ನಿಮ್ಮ ಪೆಟ್ಟಿಗಿ ಛಲೋ ಅದ, ಆದ್ರ ಬಣ್ಣ ನೋಡದ ನಾ ಏನು ಬರೀಲಿ?” ಎದ್ದು ನಿಂತರು. ಹಿತ್ತಿಲ ಬಾಗಿಲಿಗೇ ಬಂದು ನಿಂತಿದ್ದ ತಮ್ಮ ಟಾಂಗಾದ ಕಡೆ ನಾಲ್ಕು ಹೆಜ್ಜೆ ಹೋದರು. ಟಾಂ‌ಗಾದ ಹತ್ತಿರ ನಿಂತು, ಸ್ವಲ್ಪ ನಾಚಿಕೆಯಿಂದ, ಯಾರಿಗೂ ಕೇಳಬಾರದೆಂಬಂತೆ ದನಿ ತಗ್ಗಿಸಿದರು. “ಹಾಂ, ಒಂದು ಮಾತು. ಇಲ್ಲಿಂದ ಮಾನ್ವಿ ಎಷ್ಟು ದೂರ? ವಾಡಿ ಜಂಕ್ಷನ್ನಿನಾಗ ಚಹಾದವ ಹೇಳಿದ, ಅಲ್ಲಿ ಯಾವುದೋ ನೀಲಿ ಕುರಿಮರಿ...”

“ತೆಗೀರಿ!” ಎಂದು ಆದೆಮ್ಮ ಕೂಗಿದಳು.

ಅವಳೇ ತೆಗೆದಳು. ಮಣ್ಣಿನ ಅಂಚು ಉದುರಿ, ಮುಚ್ಚಳ ಪಕ್ಕಕ್ಕೆ ಸರಿಯಿತು. ಗಬ್ಬೆಂದು ವಾಸನೆ ಹೊಡೆಯಿತು. ಎಮ್ಮೆಯ ಕೊಟ್ಟಿಗೆ, ಹುಳಿ ಹಿಟ್ಟು, ಮಳೆಗೆ ನೆಂದ ಉಣ್ಣೆ, ಎಲ್ಲ ಕೂಡಿದ ವಾಸನೆ. ಅಮೀರ್ ಸಾಬ್ ಕರವಸ್ತ್ರ ತೆಗೆದರು. ಆದೆಮ್ಮ ಎದೆತುಂಬ ಉಸಿರೆಳೆದುಕೊಂಡಳು. ನೀರಿನ ಮೇಲೆ ತಾಮ್ರದ ತಗಡಿನಂಥ ಕೆನೆ, ಬಿಸಿಲಿಗೆ ನವಿಲುಗರಿಯ ಹಾಗೆ ಬಣ್ಣ ಬದಲಿಸುತ್ತ ನಿಂತಿತ್ತು.

“ನೂಲು ಕೊಡು ಸುಂಕಪ್ಪಣ್ಣ. ನೆನಸಿ ಹಿಂಡೀಯಿಲ್ಲೋ?”

ಮೊದಲ ಲಡಿ ಒಳಗೆ ಹೋಯಿತು. ಮೊಣಕೈವರೆಗೆ ತೋಳು ಮುಳುಗಿಸಿ, ಗುಳ್ಳೆ ಏಳದಂತೆ ಮೆಲ್ಲಗೆ ಎಳೆಎಳೆಯಾಗಿ ಬಿಡಿಸಿದಳು. ತೆಗೆದಾಗ ನೂಲು ಗಿಳಿಹಸಿರಿತ್ತು.

“ಹಸರು!” ಅಮೀರ್ ಸಾಬ್ ನಿರಾಸೆಯಿಂದ ಅಂದರು. “ನೀಲಿ ಅಂದ್ರಲ್ಲ...”

“ತಡೀರಿ, ಸಾಹೇಬ್ರ. ಆಕಿ ಈಗ ಹುಟ್ಟ್ಯಾಳ. ಗಾಳಿ ಕುಡೀಲಿ.”

ಅವರ ಕಣ್ಣೆದುರೇ, ಲಡಿಯ ಒಂದು ತುದಿಯಿಂದ, ಯಾರೋ ಕಾಣದ ಕೈಯಿಂದ ಬಳಿಯುತ್ತ ಬಂದ ಹಾಗೆ, ಹಸಿರು ಕರಗಿ ನೀಲಿ ಏರಿತು. ಮೊದಲು ನೀರಿನ ನೀಲಿ. ಆಮೇಲೆ ಮಧ್ಯಾಹ್ನದ ಆಕಾಶ. ಎರಡನೇ ಸಲ ಅದ್ದಿ ತೆಗೆದಾಗ ಮಳೆಗಾಲದ ಸಂಜೆ. ಅಹಲ್ಯಾಬಾಯಿ ಮಡಿ ಮರೆತು ಮುಂದೆ ಬಂದು ಬೆರಳ ತುದಿಯಿಂದ ಮುಟ್ಟಿದರು. ಬೆರಳು ನೀಲಿಯಾಯಿತು, ಅದನ್ನೇ ಎತ್ತಿ ಎಲ್ಲರಿಗೂ ತೋರಿಸಿದರು. ಸುಂಕಪ್ಪ ಒಂದು ಎಳೆ ಕಿತ್ತು, ಬೂದಿನೀರಿನಲ್ಲಿ ತಿಕ್ಕಿ, ಬಿಳಿ ಪಂಚೆಯ ಚುಂಗಿಗೆ ಒರೆಸಿದ. ಪಂಚೆ ಬೆಳ್ಳಗೇ ಉಳಿಯಿತು. ಅವನ ಕಣ್ಣಲ್ಲಿ ನೀರಿತ್ತು. “ಎರಡು ವರ್ಷ ಆಗಿತ್ರೀ ಸಾಹೇಬ್ರ,” ಎಂದ, “ಮಗ್ಗದ ಮ್ಯಾಲೆ ಈ ಬಣ್ಣ ನೋಡಿ.”

“ಶೆಡ್ಡು ಇಲ್ಲೇ ಆಗಬೇಕು” ಎಂದರು ಅಮೀರ್ ಸಾಬ್. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನಾ ಬರೀತೀನಿ. ಇವತ್ತೇ ಬರೀತೀನಿ.”

ಆಚಾರ್ಯರು ಮಾತ್ರ ಅಂಗಳದಲ್ಲಿ ಹಿಂದೆ ಮುಂದೆ ತಿರುಗುತ್ತಿದ್ದರು. ಇದ್ದಕ್ಕಿದ್ದಂತೆ ನಿಂತು ತಲೆಗೆ ಹೊಡೆದುಕೊಂಡರು. “ತಿಳೀತು! ಸಾಹೇಬ್ರ, ಆ ಸುಳ್ಳು ಸುಳ್ಳಲ್ಲ, ಗಡಿಯಾರ! ಸುದ್ದಿ ಊರು ತಿರುಗಿ ಬರ್ಲಿಕ್ಕೆ ನಾಲ್ಕೈದು ದಿನ ಬೇಕು, ನೀಲಿ ಹುಳೀಲಿಕ್ಕೂ ಅಷ್ಟೇ ದಿನ. ಅಲ್ಲೀತನಕ ಮುಚ್ಚಳಕ್ಕ ಯಾರೂ ಕೈ ಹಚ್ಚಬಾರದು, ಅಷ್ಟೇ ಅದರ ಅರ್ಥ! ಐದು ದಿನ ಅಂತ ಪುಸ್ತಕದೊಳಗ ಬರದ್ರ ಸುಳ್ಳು ಯಾಕ ಬೇಕು?”

“ಹಂಗ ಬರೀಬ್ಯಾಡ್ರಿ” ಎಂದಳು ಆದೆಮ್ಮ, ಮೂರನೇ ಲಡಿ ಹರಡುತ್ತ. “ಮಳಿಗಾಲದಾಗ ಎಂಟು ದಿನ ಹಿಡೀತದ.”

“ಹಂಗಾದ್ರ ಮಳಿಗಾಲದಾಗ ನಿಮ್ಮ ಸುಳ್ಳೂ ಎಂಟು ದಿನ ತಗೋತದೇನು?”

“ರಸ್ತಾ ಕೆಸರಾದ್ರ ಮೋಟಾರು ಹೋಗ್ತದೇನ್ರಿ?”

ಅಮೀರ್ ಸಾಬ್ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ತಟ್ಟನೆ ನಿಲ್ಲಿಸಿದರು. “ಅಂದ್ರ ಮಾನ್ವಿಯೊಳಗ ಮರಿ ಇಲ್ಲ?”

ಆದೆಮ್ಮ ಅಷ್ಟರಲ್ಲಿ ಖಾಲಿ ಕೊಡವೊಂದನ್ನು ತಂದು, ಪೀಪಾಯಿಯ ತಳದಿಂದ ಗಸಿಸಮೇತ ಬಿಸಿ ನೀಲಿಯನ್ನು ತುಂಬುತ್ತಿದ್ದಳು. ಒಂದೇ ಊರಲ್ಲಿ ಒಂದೇ ಜೀವ ಇಟ್ಟು ನಂಬಿದ ತಪ್ಪನ್ನು ಅವಳು ಇನ್ನೊಮ್ಮೆ ಮಾಡುವವಳಲ್ಲ. ದೇವದುರ್ಗದಲ್ಲಿ ಬಡೇಬೀ ಖಾಲಿ ಹರವಿಯ ಪಕ್ಕ ಐದು ದಿನದಿಂದ ಕೂತಿದ್ದಾಳೆ. ಕೊಡದ ಬಾಯಿಗೆ ಬಟ್ಟೆ ಕಟ್ಟಿದಳು. ಮಣ್ಣು ಮೆತ್ತಿದಳು.

“ಎಲ್ಲಿಗೆ?” ಆಚಾರ್ಯರು ಪುಸ್ತಕ ಪೆನ್ಸಿಲು ಹಿಡಿದು ಅಡ್ಡ ಬಂದರು. “ಸಾಹೇಬ್ರು ಬರಕೊಳ್ಳಿಕ್ಕೆ ಕೂತಾರ. ಸುಣ್ಣ ಎಷ್ಟು ಹಾಕಿದಿ ಅಷ್ಟು ಹೇಳಿ ಹೋಗು. ಪಾವೋ, ಅರ್ಧ ಸೇರೋ?”

“ನಾಲಿಗಿಗೆ ಚುರುಕ್ ಅನ್ನಬೇಕ್ರಿ.”

“ಯಾರ ನಾಲಿಗಿಗೆ? ನಿನ್ನ ನಾಲಿಗಿಗೋ, ನನ್ನ ನಾಲಿಗಿಗೋ? ಚುರುಕ್ ಅಂದ್ರ ಮೆಣಸಿನಕಾಯಿ ಚುರುಕೋ, ಎಲಿಯಡಿಕಿ ಚುರುಕೋ? ಅದನ್ನ ಅಳೀಲಿಕ್ಕೆ ಒಂದು ಕಾಗದ ಅದ, ಲಿಟ್ಮಸ್ ಅಂತ, ನೀ ಒಂದು ಸಲ ಅದ್ದಿ ತೋರಿಸಿದ್ರ...”

“ಸೋಮವಾರ ಬರ್ತೀನ್ರಿ. ನಾ ಬರೋಮಟಾ ಯಾರೂ ಸೋಸಬ್ಯಾಡ್ರಿ.”

“ಅದಲ್ಲ ಆದೆಮ್ಮಾ, ಚುರುಕ್ ಅನ್ನೋದು ಸುಣ್ಣ ಹಾಕಿದ ಕೂಡ್ಲೇನೋ, ಹುಳಿತ ಮ್ಯಾಲೋ? ಮತ್ತ ಬೆಲ್ಲ...”

ಸಿಂಬಿಯ ಮೇಲೆ ಕೊಡ ಕೂತಿತು. ದೇವದುರ್ಗದ ಮೋಟಾರು ಸ್ಟ್ಯಾಂಡಿನಲ್ಲಿ ಹಾರ್ನು ಹೊಡೆಯುತ್ತಿತ್ತು. ಆಚಾರ್ಯರು ಬೆಲ್ಲದ ಪ್ರಶ್ನೆಯ ನಡುವೆ ಇರುವಾಗಲೇ ಆದೆಮ್ಮ ಒಂದು ಕೈ ಕೊಡಕ್ಕೆ, ಒಂದು ಕೈ ಸೀರೆಯ ನೆರಿಗೆಗೆ ಹಿಡಿದು, ತುಳುಕದ ಹಾಗೆ, ಆದರೆ ದಾಪುಗಾಲಿಟ್ಟು ಬಾಗಿಲು ದಾಟಿ ಹೊರಟೇಹೋದಳು.